ಮೊಲೇಫಿಯ ಗಾಡಿಯ ಮುಖ

"ಎಡಕ್ಕೆ, ಎಡಕ್ಕೆ! ಬಿಚ್ಚೋದು ಯಾವತ್ತಿದ್ರೂ ಎಡಕ್ಕೇ ಕಣೋ. ನಿಮ್ಮ ಬೇಕರೀಲಿ ಜಾಮ್ ಬಾಟ್ಲಿ ಹೆಂಗೆ ತೆಗೀತೀರ?"

ತಂತಿಬೇಲಿಯ ಆಚೆಯಿಂದ ಶಾಕ್ಸ್ ಕೂಗಿದ. ಅವನ ಅಕ್ಕಪಕ್ಕ ಬಯಲಲ್ಲಿ ಕಾರುಗಳನ್ನು ಗಿರಗಿರನೆ ತಿರುಗಿಸುವ ಗಿರಕಿ ಬಳಗದ ಗಂಡಸರು ಬೇಲಿಯ ಕಣ್ಣುಗಳಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದರು. ಅವರಲ್ಲಿ ಯಾರೊಬ್ಬನನ್ನು ಒಳಗೆ ಬಿಟ್ಟಿದ್ದರೂ ಒಂದು ಸಿಗರೇಟು ಸೇದಿ ಮುಗಿಯುವಷ್ಟರಲ್ಲಿ ಕೆಲಸ ಆಗಿಹೋಗುತ್ತಿತ್ತು.

ಸೆಚಾಬಾ ಅಣ್ಣ ಮೊಲೇಫಿಯ ಕೆಂಪು ಗುಶೇಶೆ ಕಾರಿನ ಮುಂದೆ ಗೋಣಿಚೀಲದ ಮೇಲೆ ಮಂಡಿಯೂರಿ ಕೂತು ಸ್ಕ್ರೂಡ್ರೈವರನ್ನು ಎಡಕ್ಕೆ ಒತ್ತಿ ತಿರುಗಿಸಿದ. ತುಕ್ಕು ಹಿಡಿದ ಸ್ಕ್ರೂ ಅಲುಗಲಿಲ್ಲ. ಉಪಕರಣ ಜಾರಿ ಹೆಡ್‌ಲೈಟಿನ ಅಂಚಿಗೆ ಗೀರು ಬಿತ್ತು. ಬೇಲಿಯುದ್ದಕ್ಕೂ ಎಲ್ಲರೂ ಒಟ್ಟಿಗೆ ಹಲ್ಲು ಕಚ್ಚಿ ಉಸಿರೆಳೆದುಕೊಂಡರು, ತಮ್ಮ ಮೈಗೇ ಚುಚ್ಚಿತೇನೋ ಎಂಬಂತೆ.

"ಅದು ಗಾಡಿ ಕಣೋ, ಬನ್ನಲ್ಲ," ಅಂದ ಶಾಕ್ಸ್. "ರಖಾಡಿ, ದಯವಿಟ್ಟು. ನಾನು ಬರೀ ಆ ಒಂದು ಸ್ಕ್ರೂ. ಕೈ ತೊಳ್ಕೊಂಡು ಬರ್ತೀನಿ."

"ಕೈ ತೊಳ್ಕೊಂಡ್ರೆ ರಕ್ತ ಬದಲಾಗುತ್ತಾ?" ಗೇಟಿನ ಪಕ್ಕ ಬಿಯರ್ ಕ್ರೇಟನ್ನು ಬೋರಲು ಹಾಕಿಕೊಂಡು ಕೂತಿದ್ದ ರಖಾಡಿ ನಶ್ಯದ ಡಬ್ಬಿಯಿಂದ ಕಣ್ಣೆತ್ತದೆ ಕೇಳಿದಳು. ಹೊದಿಕೆಯನ್ನು ಭುಜದ ಮೇಲೆ ಪಿನ್ನು ಹಾಕಿ ಬಿಗಿದುಕೊಂಡಿದ್ದಳು. ರಖಾಡಿ ಎಂದರೆ ಸೋದರತ್ತೆ; ಸತ್ತ ಮೊಲೇಫಿಯ ತಂದೆಯ ಅಕ್ಕ ಅವಳು. ಈ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ ಅವಳ ಮಾತು ಮೀರಿ ಒಂದು ಚಮಚವೂ ಜಾಗ ಬದಲಿಸುತ್ತಿರಲಿಲ್ಲ. ಸತ್ತವನು ಬಳಸಿದ್ದನ್ನು, ಮಣ್ಣಾಗಿ ಶುದ್ಧಿಯ ನೀರು ಬೀಳುವ ತನಕ, ಮನೆಯವರಲ್ಲದವರು ಮುಟ್ಟಕೂಡದು ಎಂಬುದು ಅವಳ ಅಪ್ಪನ ಕಾಲದಿಂದ ನಡೆದುಬಂದ ನಿಯಮ. ಕೋಟಿಗೂ ಅದೇ, ಊಟದ ತಟ್ಟೆಗೂ ಅದೇ, ಗಾಡಿಗೂ ಅದೇ.

ಮನೆಯವರು ಎಂದರೆ ಈಗ ಯಾರು? ಇಬ್ಬರು ಚಿಕ್ಕಪ್ಪಂದಿರು ಶವಾಗಾರಕ್ಕೆ ಹೋಗಿದ್ದರು, ಸಂಜೆಗೆ ಮೊಲೇಫಿಯನ್ನು ಕರೆತರಲು. ಅವನ ಹೆಂಡತಿ ಡಿಬುಸೆಂಗ್ ಖಾಲಿ ಮಾಡಿದ ಕೋಣೆಯಲ್ಲಿ ನೆಲದ ಹಾಸಿಗೆಯ ಮೇಲೆ ಕೂತಿದ್ದಳು. ಮಣ್ಣಾಗುವವರೆಗೆ ಅವಳು ಏಳುವಂತಿಲ್ಲ. ಉಳಿದವನು ಸೆಚಾಬಾ. ವೆರೀನಿಗಿಂಗ್ ಪಟ್ಟಣದ ಬೇಕರಿಯೊಂದರಲ್ಲಿ ಹಿಟ್ಟು ನಾದುವವನು. ಗಾಡಿಯ ವಿಷಯದಲ್ಲಿ ಅವನಿಗೆ ಗೊತ್ತಿದ್ದುದು ಓಡಿಸುವುದೊಂದೇ.

ಕಟ್ಲೆಹಾಂಗ್ ಊರಿನಲ್ಲಿ ಮೊಲೇಫಿಯ ಗುಶೇಶೆಯನ್ನು ಸದ್ದಿನಿಂದಲೇ ಗುರುತು ಹಿಡಿಯುವವರಿದ್ದರು. ಎರಡು ಬಾಗಿಲಿನ ಆ ಹಳೆಯ ಗಾಡಿ ಬಯಲಿಗೆ ಬಂದು ಗಿರಕಿ ಹೊಡೆಯತೊಡಗಿತೆಂದರೆ ಟ್ಯಾಕ್ಸಿಯವರು ಗಿರಾಕಿಗಳನ್ನು ಬಿಟ್ಟು ನೋಡಲು ಓಡುತ್ತಿದ್ದರು. ಆದರೆ ಎರಡು ಚಳಿಗಾಲಗಳಿಂದ ಅದು ಈ ಅಂಗಳ ಬಿಟ್ಟು ಹೊರಟಿರಲಿಲ್ಲ. ಮುಂದಿನ ಗ್ರಿಲ್ಲಿನ ಕಪ್ಪು ಪಟ್ಟಿಗಳು ಮುರಿದು ಒಳಗೆ ಕುಸಿದು, ಹಲ್ಲುದುರಿದ ಬಾಯಿಯ ಹಾಗೆ ಬೀದಿಯ ಕಡೆ ತೆರೆದುಕೊಂಡಿದ್ದವು. ಮೊಲೇಫಿ ಪ್ರತಿ ಭಾನುವಾರ ಗಾಡಿ ತೊಳೆದು ಒರೆಸುತ್ತಿದ್ದ. ಇಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಕೇಳಿ, ಆರಿಸುತ್ತಿದ್ದ. ಮುಖವನ್ನು ಮಾತ್ರ ಸರಿಮಾಡಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಸೆಚಾಬಾ ಅದನ್ನು ನೋಡುತ್ತಿದ್ದ. ಯಾಕೆ ಎಂದು ಕೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಕಳೆದ ವಾರ ಅವನ ಮೂತ್ರಪಿಂಡಗಳು ಕೈಕೊಟ್ಟವು. ಇನ್ನು ಕೇಳುವಂತೆಯೂ ಇಲ್ಲ.

ಬಳಗದವರು ಸಾವಿನ ಮನೆಗೆಂದು ತಂದದ್ದು ಹೊಸ ಗ್ರಿಲ್. ಹಳೆಯ ಗಾಡಿಗಳ ಬಿಡಿಭಾಗ ಎಲ್ಲೆಲ್ಲೋ ಹುಡುಕಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಒಪ್ಪಿಸುವ ಹಾಗೆ ರಖಾಡಿಯ ಮಡಿಲಿಗೆ ಇಟ್ಟಿದ್ದರು. ಡಿಬುಸೆಂಗ್ ಹಾಸಿಗೆಯ ಮೇಲಿಂದ ಕೇಳಿದ್ದು ಒಂದೇ: "ಅವನ ಗಾಡಿ ಅವನ ಮುಂದೆ ಹೋಗ್ಬೇಕು. ಬಾಯಿ ಒಡ್ಕೊಂಡು ಹೋಗೋದು ಬೇಡ."

"ಹೊಸ ಮುಖ ಕೂತ್ಕೊಳ್ಲಿ," ಎಂದು ಶಾಕ್ಸ್ ಈಗ ಇಡೀ ಬೀದಿಗೆ ಕೇಳುವಂತೆ ಸಾರಿದ, "ಇವತ್ತು ಸಂಜೆ ಹೆಣದ ಗಾಡಿನ ಎದುರುಗೊಳ್ಳೋದು ಇದೇ. ನಾಳೆ ಸ್ಮಶಾನದ ಗೇಟಲ್ಲಿ ಗಿರಕಿ. ಟೈರು ಸಿಡಿಯೋವರೆಗೂ. ಹೊಗೇಲಿ ಪಾದ್ರಿ ಕಾಣಿಸಬಾರದು!"

ಬೇಲಿಯ ಮಂದಿ ಶಿಳ್ಳೆ ಹಾಕಿದರು. ಅಂಗಳದ ಇನ್ನೊಂದು ಬದಿ, ಡೇರೆಯ ಪಕ್ಕ ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಮಾತ್ರ ನಗಲಿಲ್ಲ. ಅವರೆಲ್ಲರ ಕಣ್ಣು ಗೇಟಿನ ಕಡೆಗಿತ್ತು.

ಗೇಟಿನಲ್ಲಿ ಮಾಪಿತ್ಸೊ ನಿಂತಿದ್ದಳು. ಪಿತ್ಸೊನ ತಾಯಿ.

ಸಾವಿನ ಮನೆಗೆ ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ತಡೆಯುವುದೂ ಇಲ್ಲ. ಹೆಂಗಸರು ತಮ್ಮ ತಮ್ಮ ಚಾಕು ತಂದುಕೊಂಡು ಕೂತು ಹೆಚ್ಚುತ್ತಾರೆ. ಮಾಪಿತ್ಸೊ ಕೂಡ ಬಟ್ಟೆಯಲ್ಲಿ ಸುತ್ತಿದ ಚಾಕು ಹಿಡಿದಿದ್ದಳು. ರಖಾಡಿಗೆ ತಲೆಬಾಗಿ, ಒಳಗೆ ಬಂದಳು. ಎಲೆಕೋಸಿನ ರಾಶಿಯ ಹತ್ತಿರ ಜಾಗ ಬಿಟ್ಟರು. ಅವಳು ಅಲ್ಲಿ ಕೂರಲಿಲ್ಲ. ಬಕೆಟ್ಟೊಂದನ್ನು ಬೋರಲು ಹಾಕಿ, ಬೆಂಕಿಯ ಮೇಲಿದ್ದ ದೊಡ್ಡ ಕಡಾಯಿಯ ಪಕ್ಕ, ಗಾಡಿಗೆ ಎದುರಾಗಿ ಕೂತು ಬೀಟ್‌ರೂಟಿನ ತೊಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು.

ಎರಡು ಚಳಿಗಾಲಗಳ ಹಿಂದೆ ಒಂದು ದಿನ, ಟ್ಯಾಕ್ಸಿ ನಿಲ್ದಾಣದ ಹಿಂದಿನ ಬಯಲಿನಲ್ಲಿ ಜನ ಗಿರಕಿಯ ವೃತ್ತದೊಳಕ್ಕೆ ನುಗ್ಗಿದ್ದರು. ಮೊಲೇಫಿ ಬಾಗಿಲು ತೆರೆದು, ಒಂದು ಕಾಲು ಹೊರಗೆ ಚಾಚಿ ಗಾಡಿ ತಿರುಗಿಸುತ್ತಿದ್ದ. ಗಾಡಿಯ ಮೂತಿ ಒಮ್ಮೆ ಲೆಕ್ಕ ತಪ್ಪಿ ಹೊರಳಿತು. ಅದು ಬಡಿದದ್ದು ಎಲ್ಲರಿಗಿಂತ ಮುಂದೆ ನಿಂತಿದ್ದ ಪಿತ್ಸೊನಿಗೆ, ಬೀದಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರಿಗೆ. ಅದೇ ಗಾಡಿಯಲ್ಲೇ ಅವನನ್ನು ಆಸ್ಪತ್ರೆಗೆ ಒಯ್ದದ್ದು. ಸೊಂಟದ ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ರಖಾಡಿ ಇಬ್ಬರು ಹಿರಿಯರನ್ನು ಕರೆದುಕೊಂಡು ತಪ್ಪೊಪ್ಪಿಕೊಳ್ಳಲು ಹೋದಾಗ ಮಾಪಿತ್ಸೊ ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿ, "ಕೇಳಿಸ್ಕೊಂಡೆ" ಎಂದು ಬಾಗಿಲು ಮುಚ್ಚಿದ್ದಳು. ಅಂದಿನಿಂದ ಒಂದೇ ಬೀದಿಯ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಶಾಕ್ಸ್ ಕೂಗಿದ್ದನ್ನು ಅವಳು ಕೇಳಿಸಿಕೊಂಡಿದ್ದಾಳೆ. ಸೆಚಾಬಾನಿಗೆ ಬೆನ್ನು ಸುಟ್ಟಂತಾಯಿತು. ನಾಳೆ ಈ ಗಾಡಿ ಗಿರಕಿ ಹೊಡೆದರೆ ಅವಳು ಚಾಕು ಸುತ್ತಿಕೊಂಡು ಎದ್ದುಹೋಗುತ್ತಾಳೆ. ಅವಳ ಹಿಂದೆ ಇಡೀ ಬೀದಿಯ ಹೆಂಗಸರು. ಹೊಡೆಯದಿದ್ದರೆ ಗಿರಕಿಯ ರಾಜನನ್ನು ಗಿರಕಿಯಿಲ್ಲದೆ ಹೂಳಿದ ತಮ್ಮ ಎಂಬ ಹೆಸರು. ಯಾವುದನ್ನು ತಾಳಿಕೊಳ್ಳುವುದು ಸುಲಭ ಎಂದು ಯೋಚಿಸುತ್ತ ಅವನು ಸ್ಕ್ರೂಡ್ರೈವರ್ ಒತ್ತಿದ. ಸ್ಕ್ರೂ ಕಿರುಗುಟ್ಟಿ ತಿರುಗಿತು.

"ಹಾಂ! ಹಂಗೆ!" ಬೇಲಿ ಕುಣಿಯಿತು.

"ಇನ್ನು ಕ್ಲಿಪ್ಪು," ಅಂದ ಲಿಂಡಾನಿ, ಬಳಗದಲ್ಲಿ ಕಡಿಮೆ ಮಾತಿನವನು. "ಕೇಳಿಲ್ಲಿ, ಸೆಚಾಬಾ. ಈ ಚಳಿಗೆ ಪ್ಲಾಸ್ಟಿಕ್ಕು ಗಾಜಿನ ಹಂಗಾಗಿರುತ್ತೆ. ಹೊಸಾ ಕ್ಲಿಪ್ಪುಗಳನ್ನ ಬಿಸಿನೀರಲ್ಲಿ ಹಾಕು. ಮೆತ್ತಗಾಗ್ಲಿ. ಇಲ್ದಿದ್ರೆ ಒಂದೊಂದೇ ಪಟ್ ಅಂತ ಹೋಗುತ್ತೆ. ಜಾಸ್ತಿ ತಂದಿಲ್ಲ ನಾವು."

ಬಿಸಿನೀರು ಇದ್ದದ್ದು ಒಂದೇ ಕಡೆ. ಸೆಚಾಬಾ ಎನಾಮಲ್ ಬೋಗುಣಿ ಹಿಡಿದು ಅಂಗಳ ದಾಟಿದ. ಹೆಂಗಸರ ಚಾಕುಗಳು ಹಲಗೆಯ ಮೇಲೆ ನಿಂತವು. ಬೇರೆ ಯಾರಾದರೂ ಏಳಬಹುದೆಂದು ಅವನು ಕಾದ. ಯಾರೂ ಏಳಲಿಲ್ಲ. ಮಾಪಿತ್ಸೊ ಚಾಕು ಕೆಳಗಿಟ್ಟು, ಸೌಟು ತೆಗೆದುಕೊಂಡು, ಕಡಾಯಿಯಿಂದ ನೀರು ಮೊಗೆದು ಬೋಗುಣಿಗೆ ಸುರಿದಳು. ಹಬೆ ಅವರಿಬ್ಬರ ನಡುವೆ ಎದ್ದಿತು.

"ಸಾಕಾ?"

"ಸಾಕು, ಮಾ."

"ಹುಷಾರು. ಕುದೀತಿದೆ."

ಅಷ್ಟೇ. ಅವನು ಬೋಗುಣಿಯನ್ನು ತುಳುಕಿಸದೆ ಹಿಂದಕ್ಕೆ ಒಯ್ಯುವಾಗ ಬೆನ್ನ ಹಿಂದೆ ಚಾಕುಗಳು ಒಂದೊಂದಾಗಿ ಮತ್ತೆ ಶುರುವಾದವು.

ಹಳೆಯ ಗ್ರಿಲ್ ಕೊನೆಗೂ ಕಳಚಿಕೊಂಡಿತು. ಎರಡು ಕೈಯಲ್ಲೂ ಹಿಡಿದು ಎಳೆದಾಗ ಒಣ ಎಲೆ, ಸತ್ತ ಕೀಟಗಳು, ಕೆಂಪು ಮಣ್ಣು ಅವನ ಮೊಣಕಾಲ ಮೇಲೆ ಉದುರಿದವು. ಅವನು ಅದನ್ನು ಪಕ್ಕಕ್ಕಿಡಲು ಹೋದ. ಮುರಿದ ಪಟ್ಟಿಯೊಂದರ ಚೂಪಿಗೆ ಏನೋ ಸಿಕ್ಕಿಕೊಂಡಿತ್ತು. ಹುಲ್ಲೆಂದುಕೊಂಡು ಕೈಯಿಂದ ಒರೆಸಿದ. ಬರಲಿಲ್ಲ. ಬಗ್ಗಿ ನೋಡಿದ. ಹಸಿರು ಉಣ್ಣೆಯ ಎಳೆ. ಬೆರಳುದ್ದದ್ದು, ಹೆಣಿಗೆಯ ಸುರುಳಿ ಇನ್ನೂ ಬಿಟ್ಟಿರಲಿಲ್ಲ. ಮಿಕ್ಕ ಪಟ್ಟಿಗಳೆಲ್ಲ ತೊಳೆದು ಒರೆಸಿ ಹೊಳೆಯುತ್ತಿದ್ದವು. ಆ ಒಂದು ಪಟ್ಟಿಯನ್ನು ಮಾತ್ರ ಯಾರೋ ಭಾನುವಾರದಿಂದ ಭಾನುವಾರಕ್ಕೆ ಮುಟ್ಟದೆ ಬಿಟ್ಟಿದ್ದರು.

"ಏನೋ ಅದು?" ಶಾಕ್ಸ್ ಕೇಳಿದ.

ಸೆಚಾಬಾ ಅಂಗೈ ಮುಚ್ಚಿದ. ಕಿತ್ತು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ತಲೆಯೆತ್ತಿದಾಗ ಮಾಪಿತ್ಸೊ ಅವನ ಮುಖವನ್ನಲ್ಲ, ಅವನ ಕೈಯನ್ನು ನೋಡುತ್ತಿದ್ದಳು. ಅರ್ಧ ಸುಲಿದ ಬೀಟ್‌ರೂಟು ಅವಳ ಬೆರಳುಗಳ ನಡುವೆ ನಿಂತುಹೋಗಿತ್ತು.

"ಕಸ," ಅಂದ ಸೆಚಾಬಾ. ಗ್ರಿಲ್ಲನ್ನು ಗೋಣಿಯ ಮೇಲೆ ಬೋರಲು ಇಟ್ಟ. ಎಳೆಯನ್ನು ಕೀಳಲಿಲ್ಲ.

ಹೊಸದನ್ನು ಕೂರಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಅಂದಿನ ಹೊಡೆತಕ್ಕೆ ಒಳಗಿನ ತಗಡಿನ ಪಟ್ಟಿ ಹಿಂದಕ್ಕೆ ಬಾಗಿತ್ತು. ಸೆಚಾಬಾ ಮುಂದಿನಿಂದ ಒತ್ತಿದರೆ ಅದು ಇನ್ನಷ್ಟು ಹಿಂದಕ್ಕೆ ಸರಿಯುತ್ತಿತ್ತು. ಒಳಗೆ ಕೈ ಹಾಕಿ ಎಳೆದುಕೊಂಡರೆ ಮುಂದೆ ಒತ್ತಲು ಕೈಯಿರುತ್ತಿರಲಿಲ್ಲ. ಎದೆಯಿಂದ ಒತ್ತಿ ನೋಡಿದ. ಪಟ್ ಎಂದು ಒಂದು ಕ್ಲಿಪ್ಪು ಮುರಿದು ಎಲ್ಲಿಗೋ ಹಾರಿತು.

"ಅಯ್ಯೋ ಅಯ್ಯೋ ಅಯ್ಯೋ," ಶಾಕ್ಸ್ ತಲೆ ಹಿಡಿದುಕೊಂಡ. "ನಿನ್ನೊಬ್ಬನ ಕೈಲಿ ಆಗಲ್ಲ ಅದು. ಒಳಗಿಂದ ಒಬ್ಬ ಎಳೀಬೇಕು, ಹೊರಗಿಂದ ಒಬ್ಬ ಒತ್ತಬೇಕು. ಥೂ, ನೋಡಕ್ಕಾಗಲ್ಲ ನನ್ನ ಕೈಲಿ!"

ಅಷ್ಟು ಹೇಳಿದವನು ತಡೆಯಲಾರದೆ ಬೇಲಿಗೆ ಕಾಲಿಟ್ಟು ಹಾರಿ ಈಚೆ ಬಿದ್ದ. ಎರಡೇ ಹೆಜ್ಜೆಗೆ ಗಾಡಿಯ ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ.

"ಕೈ ತೆಗಿ!"

ರಖಾಡಿ ಎದ್ದು ನಿಂತಿದ್ದಳು. ಊರುಗೋಲು ನೆಲದಲ್ಲಿರಲಿಲ್ಲ, ಗಾಳಿಯಲ್ಲಿತ್ತು. ಶಾಕ್ಸ್ ಕೈಯನ್ನು ಕೆಂಡ ಮುಟ್ಟಿದವನಂತೆ ಹಿಂತೆಗೆದುಕೊಂಡ.

"ರಖಾಡಿ, ಅವನು ನನ್ನ ಅಣ್ಣ ಇದ್ದಂಗೆ..."

"ಇದ್ದಂಗೆ. ಇದ್ದಂಗೆ ಅನ್ನೋದು ಅಣ್ಣ ಅಲ್ಲ. ನಿನ್ನ ಕೈಯಿಗೆ ಅವನ ಸಾವು ಅಂಟಿ, ನಾಳೆ ನೀನು ಸ್ಟೀರಿಂಗ್ ಹಿಡಿದು ಎಲ್ಲೋ ಬಿದ್ರೆ ನಿಮ್ಮವ್ವನಿಗೆ ನಾನು ಏನು ಹೇಳ್ಲಿ? ಆಚೆ ಹೋಗು. ಇನ್ನೊಂದು ಸಲ ಯಾರಾದ್ರೂ ಮುಟ್ಟಿದ್ರೆ ಈ ಗಾಡಿ ಈ ಅಂಗಳ ಬಿಟ್ಟು ಹೊರಡಲ್ಲ. ಮುಖ ಇದ್ರೂ ಹೊರಡಲ್ಲ."

ಶಾಕ್ಸ್ ಗೇಟಿನಿಂದಲೇ ಹೊರಗೆ ಹೋದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಯಾರೂ ನೋಡಬಾರದೆಂದು ಸಿಗರೇಟು ಹಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದ.

ಸೆಚಾಬಾನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಚಿಕ್ಕಪ್ಪ. "ಹೊರಟ್ವಿ. ಅವನನ್ನ ದೊಡ್ಡ ರಸ್ತೆ ಮೂಲೆಯಲ್ಲಿ ಎದುರುಗೊಳ್ಳಕ್ಕೆ ಗಾಡಿ ಬರುತ್ತೆ ಅಲ್ವಾ? ಅವನ ಹೆಂಡ್ತಿಗೆ ಮಾತು ಕೊಟ್ಟಿದೀವಿ."

"ಬರುತ್ತೆ," ಅಂದ ಸೆಚಾಬಾ.

ರಖಾಡಿ ಊರುಗೋಲನ್ನು ಗಾಡಿಗೆ ಒರಗಿಸಿ, ಬಗ್ಗಿ, ಒಳಗೆ ಕೈ ತೂರಿಸಿದಳು. ವಾತದಿಂದ ಸೊಟ್ಟಗಾದ ಬೆರಳುಗಳು ತಗಡಿನ ಅಂಚನ್ನು ಹಿಡಿದವು, ಜಾರಿದವು. ಮತ್ತೆ ಹಿಡಿದಳು. "ಒತ್ತು ಮಗಾ," ಅಂದಳು ಹಲ್ಲು ಕಚ್ಚಿ. ಅವನು ಒತ್ತಿದ. ಅವಳ ಬಾಯಿಂದ ಸಣ್ಣ ನೋವಿನ ಸದ್ದು ಬಂತು. ಅವನು ಬಿಟ್ಟುಬಿಟ್ಟ.

"ಆಗಲ್ಲ, ರಖಾಡಿ."

"ನಂಗೂ ಗೊತ್ತು ಆಗಲ್ಲ ಅಂತ," ಅಂದಳು ಅವಳು, ಬೆರಳುಗಳನ್ನು ಹೊದಿಕೆಯೊಳಗೆ ಮುಚ್ಚಿಕೊಳ್ಳುತ್ತ.

ಕಡಾಯಿಯ ನೀರು ಕುದಿಯುವುದು ಕೇಳುತ್ತಿತ್ತು. ಆಮೇಲೆ ಬಕೆಟ್ಟು ಉರುಳಿದ ಸದ್ದಾಯಿತು. ಮಾಪಿತ್ಸೊ ಎದ್ದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಗಾಡಿಯ ಕಡೆ ಬರುತ್ತಿದ್ದಳು.

ರಖಾಡಿ ಅಡ್ಡ ನಿಂತಳು. ದನಿಯಲ್ಲಿ ಮೊದಲಿನ ಗದರಿಕೆ ಇರಲಿಲ್ಲ. "ಮಾಪಿತ್ಸೊ, ನಿಂಗೆ ಗೊತ್ತು. ಮನೆಯವರಲ್ಲದವರು..."

ಮಾಪಿತ್ಸೊ ಕೇಳಿಸಿಕೊಂಡಳು. ಬಗ್ಗಿ, ಗೋಣಿಯ ಮೇಲೆ ಬೋರಲು ಬಿದ್ದಿದ್ದ ಹಳೆಯ ಗ್ರಿಲ್ಲನ್ನು ಮಗುಚಿದಳು. ಹಸಿರು ಎಳೆ ಗಾಳಿಗೆ ಅಲ್ಲಾಡಿತು.

"ಇದು ನಾನು ಹೆಣೆದದ್ದು," ಅಂದಳು. "ಗೋಲಲ್ಲಿ ನಿಂತಾಗ ಚಳಿ ಆಗುತ್ತೆ ಅಂದಿದ್ದ ಪಿತ್ಸೊ. ಸ್ವೆಟರು ಆಸ್ಪತ್ರೇಲಿ ಕತ್ತರಿಸಿ ಬಿಸಾಕಿದ್ರು. ಇದೊಂದು ಉಳ್ಕೊಂಡಿದೆ. ನಿಮ್ಮ ಮನೇಲೇ ಇತ್ತು ಇಷ್ಟು ದಿನ, ನಿಮ್ಮ ಹುಡುಗನೇ ಇಟ್ಕೊಂಡಿದ್ದ." ರಖಾಡಿಯ ಮುಖ ನೋಡಿದಳು. "ನಾನು ಹೊರಗಿನವಳಾ?"

ರಖಾಡಿ ಬಗ್ಗಿ ಆ ಎಳೆಯನ್ನು ನೋಡಿದಳು. ಅವಳ ಅಪ್ಪ ಹೇಳಿಕೊಟ್ಟದ್ದರಲ್ಲಿ ಇದಕ್ಕೆ ಉತ್ತರ ಇತ್ತೋ ಇಲ್ಲವೋ. ಕೊನೆಗೆ ಊರುಗೋಲು ತೆಗೆದುಕೊಂಡು ಪಕ್ಕಕ್ಕೆ ಸರಿದಳು.

ಮಾಪಿತ್ಸೊ ತೋಳು ಮೇಲೇರಿಸಿ ಒಳಗೆ ಕೈಯಿಟ್ಟಳು. ಸೆಚಾಬಾ ಹೊಸ ಗ್ರಿಲ್ಲನ್ನು ಜಾಗಕ್ಕೆ ಹಿಡಿದ. ಕಪ್ಪು ಪಟ್ಟಿಗಳ ಸಂದಿಯಿಂದ ಅವನಿಗೆ ಕಂಡದ್ದು ಅವಳ ಬೆರಳುಗಳಷ್ಟೇ, ಬೀಟ್‌ರೂಟಿನ ಬಣ್ಣ ಗೆಣ್ಣುಗಳ ತನಕ ಹತ್ತಿದ್ದವು. ಅವು ತಗಡನ್ನು ಹಿಡಿದವು. ಜಾರಲಿಲ್ಲ.

"ಒತ್ತು."

ಅವನು ಒತ್ತಿದ. ಬಿಸಿನೀರಲ್ಲಿ ಮೆತ್ತಗಾದ ಕ್ಲಿಪ್ಪು ಟಿಕ್ ಎಂದು ಕೂತಿತು.

"ನಿನ್ನಣ್ಣ ಆ ಎಳೇನ ತೊಳ್ದು ತೆಗೀಲಿಲ್ಲ," ಅಂದಳು ಅವಳು. ಅವನಿಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿ.

"ಇಲ್ಲ, ಮಾ."

"ಯಾಕೆ ಅಂತ ಕೇಳಿದ್ಯಾ?"

"ಕೇಳ್ಳಿಲ್ಲ."

"ನಾನೂ ಕೇಳ್ಳಿಲ್ಲ." ಇನ್ನೊಂದು ಕ್ಲಿಪ್ಪು ಕೂತಿತು. "ಭಾನುವಾರ ಭಾನುವಾರ ಆ ಇಂಜಿನ್ ಸದ್ದು ಬರ್ತಿತ್ತು. ನನ್ನ ಮಗ ರೇಡಿಯೋ ಜೋರು ಮಾಡ್ತಿದ್ದ. ಸದ್ದು ನಿಂತ್ಮೇಲೆ ಮೆಲ್ಲಗೆ ಮಾಡ್ತಿದ್ದ. ಹೋದ ಭಾನುವಾರ ಸದ್ದು ಬರ್ಲಿಲ್ಲ. ರೇಡಿಯೋ ಮೇಲೆ ಕೈ ಇಟ್ಕೊಂಡು ಕೂತೇ ಇದ್ದ." ಆಮೇಲೆ ಕೇಳಿದಳು: "ನಾಳೆ ತಿರುಗಿಸ್ತೀರಾ?"

"ನೀವು ಬೇಡ ಅಂದ್ರೆ..."

"ನಾನ್ಯಾಕೆ ಅನ್ಲಿ?" ಬೆರಳುಗಳು ಬಿಗಿಯಾದವು. "ಸತ್ತವನು ನಿನ್ನ ಅಣ್ಣ. ನಾನು ಬೇಡ ಅಂದೆ ಅಂತ ಇಡೀ ಊರಿಗೆ ಹೇಳ್ಕೊಂಡು ತಿರುಗ್ತೀಯಾ? ಮಾತು ನಿಂದು. ಒತ್ತು, ಒತ್ತು, ಬಿಡಬೇಡ."

ಕೊನೆಯ ಕ್ಲಿಪ್ಪು ಕೂತಿತು. ಅವಳು ಕೈ ತೆಗೆದಳು. ಮಣಿಕಟ್ಟಿನ ಮೇಲೆ ತಗಡು ತರಚಿ ಗೆರೆ ಬಿದ್ದಿತ್ತು. ಅದನ್ನು ಏಪ್ರನ್ನಿಗೆ ಒತ್ತಿಕೊಂಡು ಹಿಂತಿರುಗಿ ಹೋದಳು. ಉರುಳಿದ ಬಕೆಟ್ಟನ್ನು ಸರಿಯಾಗಿ ಇಟ್ಟುಕೊಂಡು ಕೂತಳು. ರಖಾಡಿ ಹಳೆಯ ಗ್ರಿಲ್ಲನ್ನು ಎಳೆಯ ಸಮೇತ ಎರಡು ಕೈಯಲ್ಲೂ ಎತ್ತಿಕೊಂಡು, ಮೊಲೇಫಿಯ ಬಟ್ಟೆಗಳನ್ನು ಕಟ್ಟಿಟ್ಟಿದ್ದ ಕೋಣೆಗೆ ಒಯ್ದಳು.

ಬೇಲಿಯ ಆಚೆ ಚಪ್ಪಾಳೆ ಬಿತ್ತು. ಗಾಡಿಗೆ ಮುಖ ಬಂದಿತ್ತು. ಚಳಿಗಾಲದ ಬಿಸಿಲು ಹೊಸ ಪಟ್ಟಿಗಳ ಮೇಲೆ ನಿಂತಿತು.

"ನಮ್ಮ ರಾಜ! ನೋಡ್ರೋ, ನಮ್ಮ ರಾಜ ಎದ್ದ!" ಶಾಕ್ಸ್ ಬೇಲಿ ಅಲ್ಲಾಡಿಸಿದ. "ಓಡಿಸೋದಾದ್ರೂ ನಮಗೆ ಬಿಡಿ ರಖಾಡಿ. ನಾಳೆ ಮಣ್ಣಾದ್ಮೇಲೆ ನೀರು ಚಿಮುಕಿಸಿಬಿಡಿ, ಅಲ್ಲೇ ಗೇಟಲ್ಲಿ ಕೀಲಿ ನನ್ನ ಕೈಗೆ ಬರ್ಲಿ."

ರಖಾಡಿ ಬಾಗಿಲಲ್ಲಿ ನಿಂತು ಸೆಚಾಬಾನ ಕಡೆ ನೋಡಿದಳು. "ಈ ಮನೇಲಿ ಈಗ ಗಂಡಸು ಅಂದ್ರೆ ಅವನು. ಅವನ್ನ ಕೇಳು."

ಅವನನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ಮಾತಾಡುವವನು ಅಣ್ಣ, ಇವನು ನಗುವವನು. ಸೆಚಾಬಾ ಗ್ರೀಸು ಹತ್ತಿದ ಕೈಯನ್ನು ಗೋಣಿಗೆ ಒರೆಸಿದ, ಮತ್ತೊಮ್ಮೆ ಒರೆಸಿದ.

"ನಾನೇ ಓಡಿಸ್ತೀನಿ," ಅಂದ.

"ನೀನಾ? ಗಿರಕಿನಾ?" ಬೇಲಿಯಲ್ಲಿ ನಗೆ ಎದ್ದಿತು.

"ಗಿರಕಿ ಇಲ್ಲ. ಇವತ್ತೂ ಇಲ್ಲ, ನಾಳೇನೂ ಇಲ್ಲ. ನೇರ ಹೋಗುತ್ತೆ."

ನಗೆ ನಿಂತಿತು. ಹೆಂಗಸರ ಕಡೆ ಅವನು ನೋಡಲಿಲ್ಲ.

"ತಮಾಷೆ ಮಾಡಬೇಡ," ಅಂದ ಶಾಕ್ಸ್ ಮೆಲ್ಲಗೆ.

"ತಮಾಷೆ ಅಲ್ಲ."

"ನನ್ನ ಕಾಲ ಮೇಲೆ ಕಾಲಿಟ್ಟು ಕ್ಲಚ್ಚು ಕಲಿಸಿದವನು ಕಣೋ ಅವನು. ಸಣ್ಣ ಸಣ್ಣ ಹುಡುಗರಿಗೂ ಸತ್ರೆ ಗಿರಕಿ ಹೊಡೀತೀವಿ ನಾವು. ಮೊಲೇಫಿನ ಪೋಸ್ಟಾಫೀಸು ಗುಮಾಸ್ತನ ಹಂಗೆ ಹೂಳ್ಬೇಕಾ? ಯಾರು ಹೇಳಿದ್ರು ನಿಂಗೆ ಇದನ್ನ? ಅವಳಾ?"

"ಯಾರೂ ಹೇಳಿಲ್ಲ. ನಾನು ಹೇಳ್ತಿರೋದು."

"ನೀನ್ಯಾವೋನು? ವರ್ಷಕ್ಕೆ ಎರಡು ಸಲ ಬಂದು ಕೇಕ್ ಕೊಟ್ಟು ಹೋಗೋನು! ಅವನ ಎದೇಲಿ ಏನಿತ್ತು ಅಂತ ನಿಂಗೇನು ಗೊತ್ತು?"

"ಗೊತ್ತಿಲ್ಲ," ಅಂದ ಸೆಚಾಬಾ. "ನಿಂಗೆ ಗೊತ್ತಿತ್ತಾ?"

ಶಾಕ್ಸ್ ಬೇಲಿಯ ತಂತಿಗೆ ಗುದ್ದಿದ. "ಹಂಗಾದ್ರೆ ನಮ್ಮ ಗ್ರಿಲ್ಲು ನಮಗೆ ವಾಪಸ್ಸು ಕೊಡು. ಗಿರಕಿ ಗಾಡಿಗೆ ಅಂತ ತಂದಿದ್ದು. ಮೆರವಣಿಗೆ ಕತ್ತೆಗೆ ಅಲ್ಲ."

ಕೊಟ್ಟದ್ದನ್ನು ಸಾವಿನ ಮನೆಯಿಂದ ವಾಪಸ್ಸು ಕೇಳಿದ್ದನ್ನು ಅಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಸೆಚಾಬಾ ಬೇಲಿಯ ಹತ್ತಿರ ಹೋಗಿ, ತಂತಿಯ ಸಂದಿಯಿಂದ ಸ್ಕ್ರೂಡ್ರೈವರಿನ ಹಿಡಿಯನ್ನು ಅವನ ಕಡೆ ಚಾಚಿದ.

"ಬಾ. ಬಿಚ್ಕೋ."

ಶಾಕ್ಸ್ ಹಿಡಿಯನ್ನು ನೋಡಿದ, ಬಾಗಿಲಲ್ಲಿ ನಿಂತ ರಖಾಡಿಯನ್ನು ನೋಡಿದ, ಗಾಡಿಯ ಹೊಸ ಮುಖ ನೋಡಿದ. ಅವನ ಕೈ ಏಳಲಿಲ್ಲ. ಕಾಲ ಬುಡಕ್ಕೆ ಉಗಿದು, ಸರಕ್ಕನೆ ತಿರುಗಿ ತನ್ನ ಗಾಡಿಯ ಕಡೆ ನಡೆದ. ಒಂದರ ಹಿಂದೊಂದು ಬಾಗಿಲುಗಳು ಬಡಿದವು. ಇಂಜಿನ್ನುಗಳು ಗರ್ಜಿಸಿ ಬೀದಿಯ ತುದಿಗೆ ಹೋದವು. ಲಿಂಡಾನಿ ಒಬ್ಬ ತಡೆದು, ಬೇಲಿಗೆ ಹಣೆಯಿಟ್ಟು, "ಚೋಕ್ ಎಳೀಬೇಡ, ಹಂಗೇ ಸ್ಟಾರ್ಟ್ ಆಗುತ್ತೆ," ಎಂದು ಹೇಳಿ ಅವರ ಹಿಂದೆ ಓಡಿದ.

ಕಿಟಕಿಯ ಪರದೆಯ ಹಿಂದಿನಿಂದ ಡಿಬುಸೆಂಗ್‌ಳ ಒಣಗಿದ ದನಿ ಬಂತು. "ಸೆಚಾಬಾ, ಹೊರಡಿಸು. ಆ ಸದ್ದು ಕೇಳಬೇಕು ನಂಗೆ."

ಅವನು ಒಳಗೆ ಕೂತ. ಸೀಟು ಅಣ್ಣನ ಎತ್ತರಕ್ಕಿತ್ತು, ಕಾಲು ಚಾಚಿದರಷ್ಟೇ ಕ್ಲಚ್ಚು ಸಿಗುತ್ತಿತ್ತು. ಸೀಟನ್ನು ಅವನು ಮುಂದಕ್ಕೆಳೆದುಕೊಳ್ಳಲಿಲ್ಲ. ಕೀಲಿ ತಿರುಗಿಸಿದ. ಗುಶೇಶೆ ಕೆಮ್ಮಿತು, ನಡುಗಿತು, ಆಮೇಲೆ ಆ ಹಳೆಯ ಗಂಟಲು ಬಿಚ್ಚಿಕೊಂಡಿತು. ಮಾಪಿತ್ಸೊಳ ಚಾಕು ನಿಂತಿತು. ಗಾಡಿ ಗೇಟು ದಾಟುವವರೆಗೂ ಕನ್ನಡಿಯಲ್ಲಿ ಅವನಿಗೆ ಕಾಣುತ್ತಿತ್ತು, ಅದು ಮತ್ತೆ ಶುರುವಾಗಲಿಲ್ಲ.

ದೊಡ್ಡ ರಸ್ತೆ ಸೇರುವ ಮೂಲೆಯಲ್ಲಿ ಬಳಗದವರಿದ್ದರು. ಹೋಗಿರಲಿಲ್ಲ. ರಸ್ತೆ ಅಲ್ಲಿ ಅಗಲವಾಗುತ್ತದೆ. ಡಾಂಬರಿನ ಮೇಲೆ ಹಿಂದಿನ ಗಿರಕಿಗಳ ಕಪ್ಪು ಬಳೆಗಳು ಒಂದರ ಮೇಲೊಂದು ಬಿದ್ದಿದ್ದವು. ಎರಡೂ ಬದಿ ಗಾಡಿ ನಿಲ್ಲಿಸಿಕೊಂಡು ಅವರು ಇಂಜಿನ್ ಉರಿಸುತ್ತಿದ್ದರು. ಶಾಕ್ಸ್ ಸ್ಟೀರಿಂಗಿನ ಹಿಂದೆ ಕೂತು ಎದುರಿಗೇ ನೋಡುತ್ತಿದ್ದ. ಅವನ ಹಿಂದಿನ ಚಕ್ರಗಳಿಂದ ಆಗಲೇ ತೆಳು ಹೊಗೆ ಏಳುತ್ತಿತ್ತು. ಒಬ್ಬ ಹೊರಟರೆ ಎಲ್ಲರೂ ಹೊರಡುತ್ತಾರೆ. ಆ ವೃತ್ತದ ನಡುವೆ ಸಿಕ್ಕಿದರೆ ನೇರ ಹೋಗುವುದೆಂಬುದು ಇರುವುದಿಲ್ಲ.

ಶವದ ಗಾಡಿ ಬಂತು. ಇನ್ನೂ ಬೆಳಕಿರುವಾಗಲೇ ದೀಪ ಹಚ್ಚಿಕೊಂಡು, ಕಪ್ಪಗೆ, ಸದ್ದಿಲ್ಲದೆ. ಚಿಕ್ಕಪ್ಪ ಕಿಟಕಿಯಿಂದ ಕೈ ತೋರಿಸಿದ. ಸೆಚಾಬಾ ಗುಶೇಶೆಯನ್ನು ಅದರ ಮುಂದಕ್ಕೆ ತಂದು ಬೀದಿಯ ಕಡೆ ತಿರುಗಿಸಿ ನಿಲ್ಲಿಸಿದ. ಮೊದಲ ಗೇರಿಗೆ ಹಾಕಿದ. ಗಾಡಿಗೂ ಈ ಜಾಗ ನೆನಪಿದ್ದಂತೆ ಮುಂದಕ್ಕೆ ಜಿಗಿಯಲು ತುಡಿಯಿತು. ಶಾಕ್ಸ್‌ನ ಇಂಜಿನ್ ಏರಿತು, ಇನ್ನೂ ಏರಿತು.

ಮೂಲೆಯ ಅಂಗಡಿಯ ಜಗಲಿಯಿಂದ ಒಬ್ಬ ಯುವಕ ಕೆಳಗಿಳಿದ. ಮೊದಲು ಒಂದು ಕಾಲು, ಆಮೇಲೆ ಸೊಂಟದಿಂದ ಎಳೆದು ತಂದ ಇನ್ನೊಂದು. ಪಿತ್ಸೊ. ಯಾವ ಕಡೆಯೂ ನೋಡದೆ ನಡೆದು ರಸ್ತೆಯ ನಡುವೆ ಬಂದ. ಗುಶೇಶೆಯ ಮುಂದೆ ನಿಂತು ಅದರ ಮುಖವನ್ನು ನೋಡಿದ. ಸೆಚಾಬಾನಿಗೆ ಹಾರ್ನಿನ ಮೇಲಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಪಿತ್ಸೊ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಗಾಡಿಗೆ ಬೆನ್ನು ತಿರುಗಿಸಿದ. ಮೊಲೇಫಿಯ ಮನೆಯ ಕಡೆ ನಡೆಯತೊಡಗಿದ.

ಸೆಚಾಬಾ ಕ್ಲಚ್ಚನ್ನು ಅರ್ಧ ಹಿಡಿದು ಗಾಡಿಯನ್ನು ಅವನ ನಡಿಗೆಗೆ ಬಿಟ್ಟ. ಹಿಂದೆ ಶವದ ಗಾಡಿ ಚಲಿಸಿತು. ಎಡಬದಿಯಲ್ಲಿ ಒಂದು ಇಂಜಿನ್ ಆರಿತು, ಆಮೇಲೆ ಅದರ ಪಕ್ಕದ್ದು. ಎಲ್ಲಕ್ಕೂ ಕೊನೆಗೆ, ತುಂಬ ಹೊತ್ತಾದ ಮೇಲೆ, ಶಾಕ್ಸ್‌ನದು.

ಬೀದಿ ಅಲ್ಲಿಂದ ಮುಂದೆ ಕೆಂಪು ಮಣ್ಣಿನದು. ಪಿತ್ಸೊನ ಎಡಗಾಲು ಪ್ರತಿ ಹೆಜ್ಜೆಗೂ ಧೂಳಿನಲ್ಲಿ ಒಂದು ಗೆರೆ ಎಳೆಯುತ್ತಿತ್ತು. ಗೆರೆಯ ಈ ಬದಿಗೊಂದು, ಆ ಬದಿಗೊಂದು ಚಕ್ರ ಇಟ್ಟುಕೊಂಡು ಗಾಡಿ ನಿಧಾನವಾಗಿ ಅದರ ಮೇಲೆ ಸಾಗಿತು.